ಬುಲೆಟಿನ್‌ನಲ್ಲಿರುವ ‘ಇಂದು’ ಯಾವ ದಿನದ್ದು? ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಜುಲೈ 2021

ಗೆ,
ಅಪರ ಮುಖ್ಯ ಕಾರ್ಯದರ್ಶಿಯವರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ವಿಕಾಸಸೌಧ, ಬೆಂಗಳೂರು

ವಿಷಯ: ಕೋವಿಡ್ ದೈನಂದಿನ ಬುಲೆಟಿನ್, ಪರೀಕ್ಷೆ, ಮರಣ ಮತ್ತು ಲಸಿಕೆಯ ಲೆಕ್ಕವನ್ನು ಮೂರನೇ ಅಲೆಗೆ ಮುನ್ನ ಸರಿಪಡಿಸುವ ಕುರಿತು

ಮಾನ್ಯರೆ,

ರಾಜ್ಯದಲ್ಲೀಗ ದಿನಕ್ಕೆ ಎರಡು ಮೂರು ಸಾವಿರ ಹೊಸ ಪ್ರಕರಣಗಳು ವರದಿಯಾಗುತ್ತಿವೆ. ಮೇ ತಿಂಗಳ ಆ ದಿನಗಳಿಗೆ ಹೋಲಿಸಿದರೆ ಪ್ರಯೋಗಾಲಯಗಳಿಗೂ ವಾರ್‌ರೂಮ್‌ಗಳಿಗೂ ಸ್ವಲ್ಪ ಬಿಡುವು ಸಿಕ್ಕಿದೆ. ಮೂರನೇ ಅಲೆ ಬಂದರೆ ಏನೇನು ಸಿದ್ಧವಿರಬೇಕು ಎಂದು ಡಾ. ದೇವಿ ಶೆಟ್ಟಿ ಅವರ ನೇತೃತ್ವದ ಸಮಿತಿ ಕಳೆದ ತಿಂಗಳು ವರದಿ ಕೊಟ್ಟಿದೆ. ಹಾಸಿಗೆ, ಆಮ್ಲಜನಕ, ಮಕ್ಕಳ ಐಸಿಯು ಬಗ್ಗೆ ಎಲ್ಲೆಡೆ ಮಾತು ನಡೆದಿದೆ, ನಡೆಯಲೇಬೇಕು. ಅಷ್ಟೇ ತುರ್ತಾಗಿ ಸರಿಯಾಗಬೇಕಾದ, ಹೆಚ್ಚು ಹಣವೂ ಬೇಡದ ಇನ್ನೊಂದು ಕೆಲಸವಿದೆ. ಅದು ತಮ್ಮ ಇಲಾಖೆ ದಿನವೂ ಹೊರಡಿಸುವ ಬುಲೆಟಿನ್. ಸ್ವಾಬ್ ತೆಗೆಯುವುದು, ಮಾದರಿ ಸಾಗಿಸುವುದು, ಲ್ಯಾಬ್‌ನಲ್ಲಿ ಪ್ಲೇಟ್ ಹಾಕುವುದು, ಪೋರ್ಟಲ್‌ಗೆ ನಮೂದಿಸುವುದು, ಲಸಿಕೆಯ ಶೀತಪೆಟ್ಟಿಗೆ ತುಂಬುವುದು ಹೇಗೆಂದು ಬಲ್ಲವರಾಗಿ ಈ ಪತ್ರ ಬರೆಯುತ್ತಿದ್ದೇವೆ. ನಮ್ಮ ದೂರು ಯಾವೊಬ್ಬ ಅಧಿಕಾರಿಯ ಮೇಲೂ ಅಲ್ಲ, ಬುಲೆಟಿನ್‌ನಲ್ಲಿ ‘ಇಂದು’ ಎಂಬ ಪದ ಬಳಕೆಯಾಗುವ ರೀತಿಯ ಮೇಲೆ.

ಮೊದಲಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. 2020ರ ಜುಲೈನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ರಾಜ್ಯಗಳು ಕೋವಿಡ್ ಮಾಹಿತಿಯನ್ನು ಜನರ ಮುಂದಿಡುವ ಗುಣಮಟ್ಟವನ್ನು ಅಳೆದಾಗ ಕರ್ನಾಟಕಕ್ಕೆ ಮೊದಲ ಸ್ಥಾನ ಸಿಕ್ಕಿತ್ತು. ಆಗ ಪ್ರತಿ ಸೋಂಕಿತರಿಗೂ ಒಂದು ‘ಪಿ’ ಸಂಖ್ಯೆ ಇತ್ತು. ಯಾವ ಊರು, ಎಷ್ಟು ವಯಸ್ಸು, ಯಾರ ಸಂಪರ್ಕದಿಂದ ಬಂತು ಎಂಬುದು ಅದರ ಮುಂದೆ ಇರುತ್ತಿತ್ತು. ಪ್ರಕರಣಗಳು ಏರಿದಂತೆ ಆ ಜಾಗಕ್ಕೆ ‘ಸಂಪರ್ಕ ಪತ್ತೆಹಚ್ಚಲಾಗುತ್ತಿದೆ’ ಎಂಬ ಒಂದೇ ಸಾಲು ಬಂತು, ಕೊನೆಗೆ ಅದೂ ಹೋಯಿತು. ದಿನಕ್ಕೆ ಸಾವಿರಾರು ಪ್ರಕರಣ ಬರುವಾಗ ಹಾಗೆ ಬರೆಯಲಾಗದು ಎಂಬುದು ಅರ್ಥವಾಗುವ ಮಾತು. ಆದರೆ ವಿವರ ಕೈಬಿಟ್ಟಾಗ ಅದರ ಜೊತೆಗೆ ದಿನಾಂಕವೂ ಕೈಬಿಟ್ಟುಹೋಯಿತು. ಸಂಖ್ಯೆ ಮಾತ್ರ ಉಳಿಯಿತು.

ಒಂದು ಮಾದರಿ ಬುಲೆಟಿನ್ ತಲುಪುವ ದಾರಿಯನ್ನೇ ನೋಡೋಣ. ಸೋಮವಾರ ಮಧ್ಯಾಹ್ನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜ್ವರ ಬಂದವರೊಬ್ಬರ ಮೂಗು, ಗಂಟಲಿನಿಂದ ಸ್ವಾಬ್ ತೆಗೆಯುತ್ತಾರೆ. ಕಡ್ಡಿಯನ್ನು, ಮಾದರಿ ಕೆಡದಂತೆ ಕಾಯುವ ವಿಟಿಎಂ ದ್ರವವಿರುವ ಟ್ಯೂಬ್‌ಗೆ ಇಳಿಸಿ, ಗುರುತಿನ ಕಡೆ ಮುರಿದು, ಮುಚ್ಚಳ ಬಿಗಿಯುತ್ತಾರೆ. ಆ್ಯಪ್‌ನಲ್ಲಿ ಹೆಸರು, ವಿಳಾಸ, ಮೊಬೈಲ್ ತುಂಬಿ ಒಟಿಪಿ ಹಾಕಿದರೆ ಆ ಮಾದರಿಯ ಗುರುತಿನ ಸಂಖ್ಯೆಯಾದ ಎಸ್‌ಆರ್‌ಎಫ್ ಐಡಿ ಬರುತ್ತದೆ. ಆ ಸಂಖ್ಯೆಯನ್ನು ಟ್ಯೂಬ್ ಮೇಲೆ ಬರೆಯಬೇಕು. ಎಲ್ಲಾ ಟ್ಯೂಬ್‌ಗಳೂ ಮೂರು ಪದರದ ಪ್ಯಾಕಿಂಗ್‌ನಲ್ಲಿ, 2ರಿಂದ 8 ಡಿಗ್ರಿ ತಂಪಿನಲ್ಲಿ ಸಂಜೆಯವರೆಗೆ ಕಾಯುತ್ತವೆ. ತಾಲ್ಲೂಕು ಆಸ್ಪತ್ರೆಯಿಂದ ಗಾಡಿ ಹೊರಡುವುದು ಮಂಗಳವಾರ ಬೆಳಿಗ್ಗೆ. ಜಿಲ್ಲಾ ಲ್ಯಾಬ್ ತಲುಪುವಾಗ ಮಧ್ಯಾಹ್ನ. ಅಲ್ಲಿ ಪಟ್ಟಿಯೊಂದಿಗೆ ತಾಳೆ ನೋಡಿ, ಆರ್‌ಎನ್‌ಎ ಬೇರ್ಪಡಿಸಿ, 96 ಗುಂಡಿಗಳ ಪ್ಲೇಟ್‌ಗೆ ಹಾಕುತ್ತಾರೆ. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಾಳೆ ನೋಡಲು ಅದರಲ್ಲಿ ಒಂದು ಪಾಸಿಟಿವ್ ಕಂಟ್ರೋಲ್‌ಗೆ, ಒಂದು ನೆಗೆಟಿವ್ ಕಂಟ್ರೋಲ್‌ಗೆ. ಉಳಿದ 94ರಲ್ಲಿ ಜನರ ಮಾದರಿ. ಯಂತ್ರ ಓಡುವುದು ಹೆಚ್ಚೆಂದರೆ ಎರಡು ಗಂಟೆ. ತಡವಾಗುವುದೆಲ್ಲ ಅದರ ಹಿಂದೆ ಮುಂದೆ.

ಎಲ್ಲಿ ತಪ್ಪುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಸಾಮಾನ್ಯ ಪೆನ್ನಿನಲ್ಲಿ ಬರೆದ ಸಂಖ್ಯೆ ಐಸ್‌ಪೆಟ್ಟಿಗೆಯ ತೇವಕ್ಕೆ ಅಳಿಸಿಹೋಗುತ್ತದೆ. ಕಡ್ಡಿ ಉದ್ದ ಉಳಿದರೆ ಮುಚ್ಚಳ ಪೂರ್ತಿ ಕೂರದೆ ದ್ರವ ಸೋರುತ್ತದೆ, ಆ ಮಾದರಿ ತಿರಸ್ಕೃತ. ಒಂದೇ ಮೊಬೈಲ್ ಸಂಖ್ಯೆಗೆ ಇಡೀ ಮನೆಯವರ ಅಥವಾ ಇಡೀ ಕೂಲಿ ತಂಡದ ಮಾದರಿಗಳು ಅಂಟಿಕೊಂಡಿರುತ್ತವೆ. ಆಧಾರ್‌ನಲ್ಲಿ ಬೆಂಗಳೂರಿನ ವಿಳಾಸ, ಮನುಷ್ಯ ಇರುವುದು ಹುಟ್ಟೂರಿನಲ್ಲಿ. ಏಪ್ರಿಲ್ ಕೊನೆಯಲ್ಲಿ ನಗರ ಬಿಟ್ಟು ಹೊರಟವರ ವಿಷಯದಲ್ಲಿ ಆದದ್ದೇ ಇದು: ಫಲಿತಾಂಶ ಒಂದು ಜಿಲ್ಲೆಯ ಪಟ್ಟಿಗೆ, ರೋಗಿ ಇನ್ನೊಂದು ಜಿಲ್ಲೆಯಲ್ಲಿ. ಆ ಹೆಸರನ್ನು ಜಿಲ್ಲೆಯಿಂದ ಜಿಲ್ಲೆಗೆ ವರ್ಗಾಯಿಸಿ, ಎರಡೆರಡು ಬಾರಿ ಬಂದ ಹೆಸರುಗಳನ್ನು ತೆಗೆದು, ಪಟ್ಟಿ ಅಂತಿಮವಾಗುವಾಗ ಗುರುವಾರವೋ ಶುಕ್ರವಾರವೋ ಆಗಿರುತ್ತದೆ. ಶುಕ್ರವಾರದ ಬುಲೆಟಿನ್‌ನಲ್ಲಿ ಸೋಮವಾರದ ಆ ಸ್ವಾಬ್ ‘ಇಂದಿನ ಹೊಸ ಪ್ರಕರಣ’ ಎಂದು ಕಾಣಿಸಿಕೊಳ್ಳುತ್ತದೆ. ಜ್ವರ ಶುರುವಾದದ್ದು ಅದಕ್ಕೂ ಎರಡು ಮೂರು ದಿನ ಮುಂಚೆ.

ಹೊರೆ ಕಡಿಮೆಯಿದ್ದಾಗ ಈ ಅಂತರ ಒಂದೆರಡು ದಿನದ್ದು, ದೊಡ್ಡ ತೊಂದರೆಯಿಲ್ಲ. ಹೊರೆ ಏರಿದಾಗ ಅಂತರವೂ ಏರುತ್ತದೆ, ಅಪಾಯ ಇರುವುದು ಅಲ್ಲಿ. ಸೋಂಕು ವೇಗವಾಗಿ ಹಬ್ಬುವಾಗ ಬುಲೆಟಿನ್ ವಾರದ ಹಿಂದಿನ ಸ್ಥಿತಿಯನ್ನು ತೋರಿಸುತ್ತದೆ. ಬಾಕಿ ಬಿದ್ದ ಮಾದರಿಗಳೆಲ್ಲ ಒಂದೇ ದಿನ ಮುಗಿದರೆ ಸೋಂಕು ಇಳಿಯುತ್ತಿದ್ದರೂ ಸಂಖ್ಯೆ ಜಿಗಿಯುತ್ತದೆ. ವರದಿ 24 ಗಂಟೆಯೊಳಗೆ ಕೊಡದ ಲ್ಯಾಬ್‌ಗಳಿಗೆ ದಂಡ ಹಾಕುವ ಆದೇಶವನ್ನು ಸರ್ಕಾರ ಹೊರಡಿಸಿತು, ಒಳ್ಳೆಯದೇ. ಆದರೆ ಆ 24 ಗಂಟೆಯನ್ನು ಲ್ಯಾಬ್ ಬಾಗಿಲಿಗೆ ಮಾದರಿ ಬಂದ ಗಳಿಗೆಯಿಂದ ಎಣಿಸಿದರೆ, ಅದಕ್ಕೂ ಮುಂಚಿನ ಒಂದು ದಿನ ಯಾರ ಲೆಕ್ಕಕ್ಕೂ ಬರುವುದಿಲ್ಲ. ಬೆಂಗಳೂರಿನಲ್ಲಿ ಸೋಂಕಿತರಿಗೆ ಕೊಡುವ ಬಿಯು ಸಂಖ್ಯೆ ಬಾರದೆ ಹಾಸಿಗೆ ಹಂಚಿಕೆಯ ಸರದಿಗೆ ಹೆಸರು ಏರದಿದ್ದ ಆ ವಾರಗಳಲ್ಲಿ ಕಳೆದುಹೋದ ಆ ಒಂದು ದಿನಕ್ಕೆ ಜನ ಜೀವ ಕೊಟ್ಟು ಬೆಲೆ ತೆತ್ತಿದ್ದಾರೆ. ಆದ್ದರಿಂದ ಸ್ವಾಬ್ ತೆಗೆದ ಗಳಿಗೆಯಿಂದ ರೋಗಿಯ ಮೊಬೈಲ್‌ಗೆ ಫಲಿತಾಂಶ ಹೋದ ಗಳಿಗೆಯವರೆಗೆ ಎಷ್ಟು ಗಂಟೆಯಾಯಿತು ಎಂಬುದನ್ನು ಪ್ರತಿ ಲ್ಯಾಬ್‌ಗೂ ಪ್ರತಿ ವಾರ ಪ್ರಕಟಿಸಿ ಎಂದು ಕೇಳುತ್ತಿದ್ದೇವೆ. ಎರಡೂ ಸಮಯಗಳು ಪೋರ್ಟಲ್‌ನಲ್ಲಿ ಈಗಾಗಲೇ ದಾಖಲಾಗುತ್ತವೆ.

ಬರಿಯ ಸಂಖ್ಯೆ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಈ ಮೇ ತಿಂಗಳೇ ಸಾಕ್ಷಿ. ಮೇ 5ರಂದು ರಾಜ್ಯದಲ್ಲಿ 1,55,224 ಪರೀಕ್ಷೆ ನಡೆದು 50,112 ಪ್ರಕರಣಗಳು ವರದಿಯಾದವು. ಅದರಲ್ಲಿ 23,106 ಬೆಂಗಳೂರು ನಗರವೊಂದರದ್ದೇ. ಮೇ 17ರಂದು ವರದಿಯಾದ ಪ್ರಕರಣ 38,603. ‘ಸೋಂಕು ಇಳಿಮುಖ’ ಎಂಬ ತಲೆಬರಹ ಕೊಡಲು ಇಷ್ಟೇ ಸಾಕು. ಆದರೆ ಆ ದಿನದ ಪರೀಕ್ಷೆಗಳ ಸಂಖ್ಯೆ 97,236 ಮಾತ್ರ. ಪಾಸಿಟಿವಿಟಿ ದರ, ಅಂದರೆ ನೂರು ಪರೀಕ್ಷೆಗಳಲ್ಲಿ ಪಾಸಿಟಿವ್ ಬಂದವುಗಳ ಪ್ರಮಾಣ, 32.28ರಿಂದ 39.70ಕ್ಕೆ ಏರಿತ್ತು. ಪರೀಕ್ಷೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದದ್ದರಿಂದ ಪ್ರಕರಣ ಕುಸಿದಂತೆ ಕಂಡಿತು. ಎರಡೂ ಅಂಕಿಗಳು ಅದೇ ಬುಲೆಟಿನ್‌ನಲ್ಲಿದ್ದವು, ಮುಚ್ಚಿಟ್ಟದ್ದು ಏನೂ ಇಲ್ಲ. ಆದರೆ ದೊಡ್ಡ ಅಕ್ಷರದಲ್ಲಿ ಇರುವುದು ಒಂದೇ, ಟಿವಿಯ ಕೆಳಪಟ್ಟಿಯಲ್ಲಿ ಓಡುವುದೂ ಅದೊಂದೇ.

ಹಾಗಾದರೆ ಪಾಸಿಟಿವಿಟಿ ದರವನ್ನೇ ನಂಬಬಹುದೆ? ಅದಕ್ಕೂ ಛೇದದಲ್ಲಿ ಏನಿದೆ ಎಂದು ತಿಳಿಯಬೇಕು. ಈ ಪ್ರಶ್ನೆ ಈಗ ಪುಸ್ತಕದ್ದಲ್ಲ, ಅಂಗಡಿ ಬಾಗಿಲಿನದ್ದು. ಜೂನ್ 21ರಿಂದ ರಾಜ್ಯ ಸರ್ಕಾರ ಲಾಕ್‌ಡೌನ್ ಸಡಿಲಿಸಿದ್ದು ಜಿಲ್ಲೆಗಳ ಪಾಸಿಟಿವಿಟಿ ದರ ನೋಡಿಯೇ. ಶೇ 5ಕ್ಕಿಂತ ಕಡಿಮೆಯಿದ್ದ 16 ಜಿಲ್ಲೆಗಳಿಗೆ ಹೆಚ್ಚಿನ ವಿನಾಯಿತಿ, ಶೇ 5ರಿಂದ 10ರ ನಡುವಿನ 13 ಜಿಲ್ಲೆಗಳಿಗೆ ಸ್ವಲ್ಪ, ಶೇ 10 ಮೀರಿದ್ದ ಮೈಸೂರಿಗೆ ಇಲ್ಲ. ಒಂದು ಬಟ್ಟೆ ಅಂಗಡಿ ತೆರೆಯಬೇಕೋ ಮುಚ್ಚಬೇಕೋ ಎಂಬುದು ಆ ಭಾಗಾಕಾರದ ಮೇಲೆ ನಿಂತಿತ್ತು.

ಆ ಭಾಗಾಕಾರವನ್ನು ಒಂದು ಸಣ್ಣ ಉದಾಹರಣೆಯಲ್ಲಿ ಮಾಡಿ ನೋಡೋಣ. ಒಂದು ತಾಲ್ಲೂಕಿನಲ್ಲಿ ಜ್ವರ, ಕೆಮ್ಮು ಇದ್ದ 200 ಜನರಿಗೆ ಲ್ಯಾಬ್‌ನಲ್ಲಿ ಮಾಡುವ ಆರ್‌ಟಿಪಿಸಿಆರ್ ಪರೀಕ್ಷೆ ಮಾಡಿದರು, 40 ಪಾಸಿಟಿವ್. ದರ ಶೇ 20. ಅದೇ ದಿನ ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ಲಕ್ಷಣವಿಲ್ಲದ 800 ಜನರಿಗೆ ಸ್ಥಳದಲ್ಲೇ ಫಲಿತಾಂಶ ಕೊಡುವ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ ಮಾಡಿದರು, 8 ಪಾಸಿಟಿವ್. ಒಟ್ಟು ಸಾವಿರಕ್ಕೆ 48, ದರ ಶೇ 4.8. ಕಾಯಿಲೆ ಬಿದ್ದವರಲ್ಲಿ ಐದಕ್ಕೊಬ್ಬರಿಗೆ ಸೋಂಕಿರುವ ತಾಲ್ಲೂಕು ‘ಶೇ 5ಕ್ಕಿಂತ ಕಡಿಮೆ’ ಪಟ್ಟಿಗೆ ಬಂತು. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ. ಬೇರೆ ಬೇರೆ ಉದ್ದೇಶಕ್ಕೆ ಮಾಡಿದ ಎರಡು ಪರೀಕ್ಷೆಗಳನ್ನು ಒಂದೇ ತಟ್ಟೆಗೆ ಸುರಿದಿದ್ದಾರೆ, ಅಷ್ಟೆ.

ಎರಡು ಪರೀಕ್ಷೆಗಳ ಬಲವೂ ಒಂದಲ್ಲ. 2020ರ ಜೂನ್‌ನಲ್ಲಿ ಆಂಟಿಜೆನ್ ಕಿಟ್‌ಗೆ ಒಪ್ಪಿಗೆ ಕೊಟ್ಟ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ ಸೂಚನೆಯಲ್ಲೇ ಹೇಳಿದೆ: ಸೋಂಕಿರುವವರನ್ನು ಗುರುತಿಸುವ ಅದರ ಸಾಮರ್ಥ್ಯ ಶೇ 50.6ರಿಂದ 84ರ ನಡುವೆ. ಅಂದರೆ ಸೋಂಕಿರುವ ನೂರು ಜನರಲ್ಲಿ 16ರಿಂದ 49 ಜನರನ್ನು ಅದು ‘ನೆಗೆಟಿವ್’ ಎಂದು ಮನೆಗೆ ಕಳಿಸಬಹುದು. ಪಾಸಿಟಿವ್ ಬಂದರೆ ಮಾತ್ರ ಧೈರ್ಯವಾಗಿ ನಂಬಬಹುದು. ಅದಕ್ಕೇ ಲಕ್ಷಣವಿದ್ದು ಆಂಟಿಜೆನ್‌ನಲ್ಲಿ ನೆಗೆಟಿವ್ ಬಂದವರಿಗೆ ಆರ್‌ಟಿಪಿಸಿಆರ್ ಕಡ್ಡಾಯ ಎಂಬ ನಿಯಮ. ಆ ನಿಯಮ ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ? ಕಿಟ್‌ನ ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಸ್ವಾಬ್ ಬಫರ್‌ನಲ್ಲಿ ಅದ್ದಿದ ಮೇಲೆ ಬೇರೆ ಪರೀಕ್ಷೆಗೆ ಬರುವುದಿಲ್ಲ. ಎರಡನೇ ಸ್ವಾಬ್ ಆಗಲೇ ತೆಗೆಯದಿದ್ದರೆ ರೋಗಿ ಹೊರಟುಹೋಗಿರುತ್ತಾರೆ. ರಾಜ್ಯ ಮಟ್ಟದಲ್ಲಿ ಎರಡೂ ಬಗೆಯ ಪರೀಕ್ಷೆಗಳ ಸಂಖ್ಯೆ ಬುಲೆಟಿನ್‌ನಲ್ಲಿ ಇದೆ. ಅದನ್ನು ಜಿಲ್ಲಾವಾರು ಕೊಡಿ, ಪಾಸಿಟಿವ್ ಬಂದವರನ್ನೂ ಹಾಗೆಯೇ ಬೇರ್ಪಡಿಸಿ ಕೊಡಿ. ಜೊತೆಗೆ, ಲಕ್ಷಣವಿದ್ದೂ ಆಂಟಿಜೆನ್ ನೆಗೆಟಿವ್ ಬಂದವರಲ್ಲಿ ಎಷ್ಟು ಜನರ ಎರಡನೇ ಸ್ವಾಬ್ ಲ್ಯಾಬ್‌ಗೆ ಹೋಯಿತು ಎಂಬ ಒಂದು ಅಂಕಿ ಇರಲಿ.

ದಕ್ಷಿಣ ಕನ್ನಡದ ವಿಷಯ ಇನ್ನೂ ಸ್ಪಷ್ಟ. ತಲಪಾಡಿಯಲ್ಲಿ ಗಡಿ ದಾಟಲು, ಕಾಸರಗೋಡಿನಿಂದ ಮಂಗಳೂರಿಗೆ ಓದಲು ಅಥವಾ ಕೆಲಸಕ್ಕೆ ಬರಲು 72 ಗಂಟೆಯೊಳಗಿನ ನೆಗೆಟಿವ್ ವರದಿ ಕೇಳಲಾಗುತ್ತದೆ. ಈಗ ಲಸಿಕೆಯ ಪ್ರಮಾಣಪತ್ರ ತೋರಿಸಿದರೂ ನಡೆಯುತ್ತದೆ. ಒಬ್ಬರೇ ವಾರಕ್ಕೆರಡು ಬಾರಿ ಮಾಡಿಸಿಕೊಂಡರೆ ಪರೀಕ್ಷೆಯ ಲೆಕ್ಕದಲ್ಲಿ ಎರಡು. ಶಸ್ತ್ರಚಿಕಿತ್ಸೆಗೆ ಮುನ್ನ ಮಾಡುವ ಪರೀಕ್ಷೆ, ವಿಮಾನ ಹತ್ತುವವರ ಪರೀಕ್ಷೆಯೂ ಹೀಗೆಯೇ. ಇವೆಲ್ಲ ಬೇಡವೆಂದಲ್ಲ. ಆದರೆ ಊರಿನಲ್ಲಿ ಸೋಂಕು ಎಷ್ಟಿದೆ ಎಂದು ತಿಳಿಯಲು ಇವು ಛೇದದಲ್ಲಿ ಇರಬಾರದು. ಎಸ್‌ಆರ್‌ಎಫ್ ನಮೂನೆಯಲ್ಲೇ ಪರೀಕ್ಷೆಯ ಕಾರಣ ಬರೆಯುವ ಜಾಗವಿದೆ. ಅದನ್ನು ಸರಿಯಾಗಿ ತುಂಬಿಸಿ, ಲಕ್ಷಣವಿದ್ದವರ ಪಾಸಿಟಿವಿಟಿಯನ್ನು ಪ್ರತ್ಯೇಕವಾಗಿ ಪ್ರಕಟಿಸಿ.

ಗುರಿಯ ಬಗ್ಗೆ ಒಂದು ಮಾತು. ಪ್ರತಿ ಕೇಂದ್ರಕ್ಕೆ ದಿನಕ್ಕೆ ಇಷ್ಟು ಸ್ವಾಬ್ ಎಂದು ಗುರಿ ಕೊಟ್ಟು, ಸಂಜೆ ವಿಡಿಯೊ ಕಾನ್ಫರೆನ್ಸ್‌ನಲ್ಲಿ ಆ ಒಂದು ಸಂಖ್ಯೆಯನ್ನೇ ಕೇಳಿದರೆ, ಕಾಯಿಲೆ ಇದ್ದವರನ್ನು ಹುಡುಕಿಕೊಂಡು ಹೋಗುವ ಬದಲು ಸುಲಭವಾಗಿ ಸಿಗುವವರ ಸ್ವಾಬ್ ತೆಗೆಯುವುದು ಸಹಜ. ಅದಕ್ಕಿಂತ ಮುಂದೆ ಹೋಗಿ ಯಾರ ಮೂಗಿಗೂ ಹೋಗದ ಕಡ್ಡಿಯೇ ಟ್ಯೂಬ್‌ಗೆ ಇಳಿಯುವ ಅಪಾಯವೂ ಇದೆ. ಅದನ್ನು ಹಿಡಿಯಲು ಪೊಲೀಸರು ಬೇಕಿಲ್ಲ. ಬಹುತೇಕ ಆರ್‌ಟಿಪಿಸಿಆರ್ ಕಿಟ್‌ಗಳಲ್ಲಿ ವೈರಾಣುವಿನ ಜೀನ್‌ಗಳ ಜೊತೆಗೆ ಮನುಷ್ಯನದೇ ಒಂದು ಜೀನ್ ಅನ್ನೂ ನೋಡುತ್ತಾರೆ. ಆರ್‌ನೇಸ್-ಪಿ ಅಂಥದ್ದೊಂದು. ಟ್ಯೂಬ್‌ನಲ್ಲಿ ಮನುಷ್ಯನ ಜೀವಕೋಶಗಳಿದ್ದರೆ ಯಂತ್ರದ ನಕ್ಷೆಯಲ್ಲಿ ಆ ಜೀನ್‌ನ ಗೆರೆ ಏರಬೇಕು. ಏರದಿದ್ದರೆ ಸ್ವಾಬ್ ಸರಿಯಾಗಿ ತೆಗೆದಿಲ್ಲ, ಇಲ್ಲವೇ ತೆಗೆದೇ ಇಲ್ಲ. ಅಂಥ ಫಲಿತಾಂಶವನ್ನು ‘ಅಸಿಂಧು’ ಎಂದು ಬರೆಯಬೇಕೇ ಹೊರತು ‘ನೆಗೆಟಿವ್’ ಎಂದಲ್ಲ. ಪ್ರತಿ ಸಂಗ್ರಹ ಕೇಂದ್ರದ ಅಸಿಂಧು ಮತ್ತು ತಿರಸ್ಕೃತ ಮಾದರಿಗಳ ಪ್ರಮಾಣವನ್ನು ಜಿಲ್ಲಾ ಸರ್ವೇಕ್ಷಣಾಧಿಕಾರಿಗಳು ವಾರಕ್ಕೊಮ್ಮೆ ನೋಡಿದರೆ, ಎಲ್ಲಿ ತರಬೇತಿ ಬೇಕು, ಎಲ್ಲಿ ವಿಚಾರಣೆ ಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಗುರಿ ಕೊಡಲೇಬೇಕೆಂದಿದ್ದರೆ ಒಬ್ಬ ಸೋಂಕಿತರಿಗೆ ಎಷ್ಟು ಸಂಪರ್ಕಿತರ ಪರೀಕ್ಷೆಯಾಯಿತು ಎಂಬುದಕ್ಕೆ ಕೊಡಿ.

ಸೋಂಕು ಕಡಿಮೆಯಿರುವ ಈಗ ಕಿಟ್ ಉಳಿಸುವ ದಾರಿಯೂ ಇದೆ. ಐದು ಮಾದರಿ ಸೇರಿಸಿ ಒಂದೇ ಪರೀಕ್ಷೆ ಮಾಡುವ ಪೂಲಿಂಗ್ ಅನ್ನು ಐಸಿಎಂಆರ್ ಒಪ್ಪಿರುವುದು ಪಾಸಿಟಿವಿಟಿ ಶೇ 2ಕ್ಕಿಂತ ಕಡಿಮೆಯಿರುವ ಕಡೆ. ಶೇ 5 ದಾಟಿದರೆ ಬೇಡವೆಂದಿದೆ. ಕಾರಣ ಸರಳ ಲೆಕ್ಕ. ದರ ಶೇ 2 ಇದ್ದಾಗ ಹತ್ತರಲ್ಲಿ ಒಂಬತ್ತು ಪೂಲ್‌ಗಳು ಪೂರ್ತಿ ನೆಗೆಟಿವ್ ಬರುತ್ತವೆ. ನೂರು ಜನರಿಗೆ 20 ಪೂಲ್, ಅದರಲ್ಲಿ ಸುಮಾರು ಎರಡನ್ನು ಬಿಡಿಸಿ ಮತ್ತೆ ಹತ್ತು ಪರೀಕ್ಷೆ. ನೂರರ ಜಾಗದಲ್ಲಿ ಮೂವತ್ತರಲ್ಲಿ ಕೆಲಸ ಮುಗಿಯಿತು. ಮೇ ತಿಂಗಳಂತೆ ದರ ಶೇ 32 ಇದ್ದರೆ ಏಳರಲ್ಲಿ ಒಂದು ಪೂಲ್ ಮಾತ್ರ ನೆಗೆಟಿವ್, ಉಳಿದ ಆರನ್ನೂ ಬಿಡಿಸಬೇಕು, ಒಂದು ದಿನ ವ್ಯರ್ಥ. ಶಾಲೆ, ಕಾಲೇಜು ತೆರೆಯುವ ಯೋಚನೆಯಿದ್ದರೆ ಪೂಲಿಂಗ್ ಬಳಸಲು ಇದೇ ಕಾಲ. ಬುಲೆಟಿನ್‌ನಲ್ಲಿ ಮಾತ್ರ ಪರೀಕ್ಷೆಗೊಳಗಾದ ಜನರ ಸಂಖ್ಯೆ, ನಡೆದ ಪರೀಕ್ಷೆಗಳ ಸಂಖ್ಯೆ ಬೇರೆ ಬೇರೆ ಇರಬೇಕು.

ಪರೀಕ್ಷೆ ಎಷ್ಟೇ ಚೆನ್ನಾಗಿ ನಡೆದರೂ ಎಲ್ಲ ಸೋಂಕೂ ಅದರಲ್ಲಿ ಸಿಗುವುದಿಲ್ಲ ಎಂಬುದನ್ನು ತಮ್ಮ ಇಲಾಖೆಯ ಸಮೀಕ್ಷೆಯೇ ತೋರಿಸಿದೆ. 2020ರ ಸೆಪ್ಟೆಂಬರ್‌ನಲ್ಲಿ ನಡೆಸಿದ ಆ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 27.3ರಷ್ಟು ಜನರಿಗೆ, ಅಂದರೆ ಸುಮಾರು 1.93 ಕೋಟಿ ಜನರಿಗೆ ಆ ಹೊತ್ತಿಗೆ ಸೋಂಕು ತಗುಲಿತ್ತು ಅಥವಾ ತಗುಲಿ ಹೋಗಿತ್ತು. ವರದಿಯಾದ ಒಂದು ಪ್ರಕರಣಕ್ಕೆ ಸುಮಾರು ನಲವತ್ತು ಸೋಂಕು. ಆ ವರದಿಯನ್ನು ಇಲಾಖೆ ಮುಕ್ತವಾಗಿ ಜನರ ಮುಂದಿಟ್ಟಿತು. ಅಂಥ ಸಮೀಕ್ಷೆ ಮೂರು ನಾಲ್ಕು ತಿಂಗಳಿಗೊಮ್ಮೆ, ಜಿಲ್ಲಾವಾರು ಆಗಲಿ. ತಾಂತ್ರಿಕ ಸಲಹಾ ಸಮಿತಿ 2020ರ ನವೆಂಬರ್ ಕೊನೆಯಲ್ಲೇ ಎರಡನೇ ಅಲೆಯ ಬಗ್ಗೆ ಎಚ್ಚರಿಸಿತ್ತು. ಅದರ ಸಭೆಯ ನಡಾವಳಿಗಳೂ ನಡೆದ ವಾರದಲ್ಲೇ ಪ್ರಕಟವಾದರೆ ಜಿಲ್ಲಾಡಳಿತಕ್ಕೂ ಜನರಿಗೂ ಅನುಕೂಲ.

ಇನ್ನು ಸಾವಿನ ಲೆಕ್ಕ. ಇದನ್ನು ಬರೆಯುವಾಗ ಕೈ ನಡುಗುತ್ತದೆ, ಆದರೂ ಬರೆಯಬೇಕು.

ಬುಲೆಟಿನ್‌ನ ಮರಣ ಅನುಬಂಧದಲ್ಲಿ ಪ್ರತಿ ಮೃತರ ಜಿಲ್ಲೆ, ವಯಸ್ಸು, ಲಕ್ಷಣ, ಇತರ ಕಾಯಿಲೆ, ಆಸ್ಪತ್ರೆಗೆ ದಾಖಲಾದ ದಿನ, ತೀರಿಕೊಂಡ ದಿನ ಎಲ್ಲವೂ ಇದೆ. ಸಾಲು ಸಾಲಾಗಿ ಓದಿದವರಿಗೆ ಗೊತ್ತು: ‘ಇಂದು’ ಎಂದು ಎಣಿಸಿದ ಸಾವುಗಳಲ್ಲಿ ಹಲವು ಹಿಂದಿನ ವಾರದವು, ಕೆಲವು ಹಿಂದಿನ ತಿಂಗಳಿನವು. ಆಸ್ಪತ್ರೆ ಕಾಗದ ಕಳಿಸಿ, ಜಿಲ್ಲಾ ಮಟ್ಟದ ಡೆತ್ ಆಡಿಟ್ (ಸಾವಿನ ಕಾರಣದ ಪರಿಶೀಲನೆ) ಮುಗಿದು, ರಾಜ್ಯಕ್ಕೆ ಬರುವಷ್ಟರಲ್ಲಿ ಅಷ್ಟು ದಿನ ಹಿಡಿಯುತ್ತದೆ. ಆಡಿಟ್ ಬೇಕು. ಆದರೆ ಹಳೆಯ ಸಾವುಗಳನ್ನು ‘ಇಂದಿನ’ ಲೆಕ್ಕಕ್ಕೆ ಸೇರಿಸುತ್ತ ಹೋದರೆ, ಯಾವ ದಿನ ಆಮ್ಲಜನಕ, ಐಸಿಯು ಸಾಲದೆ ಹೆಚ್ಚು ಜನ ಹೋದರು ಎಂಬುದು ಎಂದಿಗೂ ತಿಳಿಯುವುದಿಲ್ಲ. ತೀರಿಕೊಂಡ ದಿನದ ಪ್ರಕಾರ ಇಡೀ ಪಟ್ಟಿಯನ್ನು ಮರುಜೋಡಿಸಿ, ವಾರಕ್ಕೊಮ್ಮೆ ಪರಿಷ್ಕರಿಸಿ ಕೊಡಿ. ಹೊಸದಾಗಿ ಸಂಗ್ರಹಿಸಬೇಕಾದ್ದು ಏನೂ ಇಲ್ಲ, ಆ ಕಾಲಂ ತಮ್ಮ ಬಳಿಯೇ ಇದೆ.

ಪಟ್ಟಿಗೇ ಬಾರದವರ ವಿಷಯ ಇನ್ನೂ ಕಠಿಣ. ಸಾವಿನ ಕಾರಣ ಬರೆಯುವ ಕ್ರಮವನ್ನು ಬೆಂಗಳೂರಿನಲ್ಲೇ ಇರುವ ಐಸಿಎಂಆರ್‌ನ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ 2020ರಲ್ಲೇ ತಿಳಿಸಿದೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಫಾರಂ 4, ಹೊರಗೆ ತೀರಿಕೊಂಡವರಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಬರೆಯುವುದು ಫಾರಂ 4ಎ. ಮೊದಲ ಸಾಲಿನಲ್ಲಿ ತಕ್ಷಣದ ಕಾರಣ, ಉದಾಹರಣೆಗೆ ತೀವ್ರ ಉಸಿರಾಟದ ತೊಂದರೆ. ಅದರ ಕೆಳಗೆ ಅದಕ್ಕೆ ಕಾರಣವಾದ ನ್ಯುಮೋನಿಯಾ. ಕೊನೆಯ ಸಾಲಿನಲ್ಲಿ ಮೂಲ ಕಾರಣ, ಕೋವಿಡ್. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಎರಡನೇ ಭಾಗದಲ್ಲಿ ಜಾಗ. ಪರೀಕ್ಷೆಯಲ್ಲಿ ದೃಢಪಟ್ಟಿದ್ದರೆ ಯು07.1, ಪರೀಕ್ಷೆಯಲ್ಲಿ ಸಿಗದೆ ಲಕ್ಷಣದಿಂದ ಗುರುತಿಸಿದ್ದರೆ ಯು07.2 ಎಂಬ ಸಂಕೇತ. ತಪ್ಪುವುದು ಎಲ್ಲಿ ಎಂದರೆ, ‘ಹೃದಯ ಸ್ತಂಭನ’ ಎಂದಷ್ಟೇ ಬರೆದು ಸಹಿ ಹಾಕುವಲ್ಲಿ. ಯಾವ ಕಾಯಿಲೆಯಿಂದ ಸತ್ತರೂ ಹೃದಯ ನಿಲ್ಲುತ್ತದೆ; ಅದು ಕಾರಣವಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶ ಪೂರ್ತಿ ಬೆಳ್ಳಗಾಗಿದ್ದರೂ ಆಂಟಿಜೆನ್ ನೆಗೆಟಿವ್ ಬಂದಿತ್ತೆಂದು, ಎರಡನೇ ಸ್ವಾಬ್‌ನ ವರದಿ ಬರುವ ಮುಂಚೆ ತೀರಿಕೊಂಡರೆಂದು, ಹಾಸಿಗೆ ಸಿಗದೆ ಮನೆಯಲ್ಲೇ ಹೋದರೆಂದು ಪಟ್ಟಿಯಿಂದ ಹೊರಗುಳಿದವರಿದ್ದಾರೆ.

ಬಿಪಿಎಲ್ ಕುಟುಂಬದ ವಯಸ್ಕ ಸದಸ್ಯರು ಕೋವಿಡ್‌ನಿಂದ ತೀರಿಕೊಂಡರೆ 1 ಲಕ್ಷ ರೂಪಾಯಿ ಕೊಡುವುದಾಗಿ ಸರ್ಕಾರ ಜೂನ್‌ನಲ್ಲಿ ಘೋಷಿಸಿದೆ. ಜೂನ್ 30ರಂದು ಸುಪ್ರೀಂ ಕೋರ್ಟ್ ಪರಿಹಾರದ ಮಾರ್ಗಸೂಚಿ ರೂಪಿಸಲು ಆರು ವಾರಗಳ ಗಡುವು ಕೊಟ್ಟಿದೆ, ಮರಣ ಪ್ರಮಾಣಪತ್ರದಲ್ಲಿ ಕೋವಿಡ್ ಎಂದು ನಮೂದಿಸುವ ಮತ್ತು ತಿದ್ದುಪಡಿ ಮಾಡಿಸಿಕೊಳ್ಳುವ ವಿಧಾನವನ್ನು ಸರಳಗೊಳಿಸಲು ಹೇಳಿದೆ. ಆ ಮಾರ್ಗಸೂಚಿಗಾಗಿ ಕಾಯುತ್ತ ಕೂರದೆ ಪ್ರತಿ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಈಗಲೇ ಒಂದು ಅರ್ಜಿ ಕೌಂಟರ್ ತೆರೆಯಿರಿ. ಸ್ಕ್ಯಾನ್ ವರದಿ, ಔಷಧ ಚೀಟಿ, ಎಸ್‌ಆರ್‌ಎಫ್ ಐಡಿ, ಆಶಾ ಕಾರ್ಯಕರ್ತೆಯ ಮನೆಭೇಟಿ ಪುಸ್ತಕದ ನಮೂದು, ಇವುಗಳಲ್ಲಿ ಯಾವುದಿದ್ದರೂ ಅರ್ಜಿ ತೆಗೆದುಕೊಳ್ಳಲಿ. ವಿಧವೆಯೊಬ್ಬರು ಲ್ಯಾಬ್‌ನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಗ್ರಾಮ ಲೆಕ್ಕಾಧಿಕಾರಿಗಳ ಬಳಿಗೆ ಅಲೆಯುವಂತಾಗಬಾರದು. ಜೊತೆಗೆ ಜನನ, ಮರಣ ದಾಖಲಿಸುವ ಇ-ಜನ್ಮ ತಂತ್ರಾಂಶದಲ್ಲಿ ನೋಂದಣಿಯಾದ ಎಲ್ಲ ಕಾರಣಗಳ ಸಾವುಗಳನ್ನೂ 2018ರಿಂದ ಈವರೆಗೆ ತಾಲ್ಲೂಕುವಾರು, ತಿಂಗಳುವಾರು ಬಿಡುಗಡೆ ಮಾಡಿ. ಹೆಸರು ಬೇಡ, ಎಣಿಕೆ ಸಾಕು. 21 ದಿನಗಳ ನೋಂದಣಿ ಅವಧಿ ಇರುವುದರಿಂದ, ಲಾಕ್‌ಡೌನ್‌ನಲ್ಲಿ ಕಚೇರಿಗಳು ಮುಚ್ಚಿದ್ದರಿಂದ ಇತ್ತೀಚಿನ ತಿಂಗಳುಗಳ ಲೆಕ್ಕ ಮುಂದೆ ಏರಬಹುದು ಎಂಬ ಟಿಪ್ಪಣಿಯೊಂದು ಅದರ ಕೆಳಗಿರಲಿ.

ಲಸಿಕೆಯ ವಿಷಯಕ್ಕೆ ಬರೋಣ. ಜೂನ್‌ನಲ್ಲಿ ರಾಜ್ಯ 2 ಕೋಟಿ ಡೋಸ್ ದಾಟಿತು. ಸಂತೋಷದ ಸಂಗತಿ, ಅದರ ಹಿಂದಿನ ದುಡಿಮೆ ಸಣ್ಣದಲ್ಲ. ಆದರೆ 2 ಕೋಟಿ ಡೋಸ್ ಎಂದರೆ 2 ಕೋಟಿ ಜನ ಅಲ್ಲ, ಮೊದಲ ಮತ್ತು ಎರಡನೇ ಡೋಸ್ ಕೂಡಿಸಿದ ಮೊತ್ತ. ಡೋಸ್ ಎಲ್ಲಿ ಕೊಟ್ಟರೋ ಆ ಜಿಲ್ಲೆಯ ಖಾತೆಗೆ ಅದು ಸೇರುತ್ತದೆ, ಪಡೆದವರು ಎಲ್ಲಿಯವರು ಎಂಬುದು ಲೆಕ್ಕಕ್ಕಿಲ್ಲ. ಸುತ್ತಲಿನ ಜಿಲ್ಲೆಗಳಿಂದ ಬಂದು ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ 780 ರೂಪಾಯಿ ಕೊಟ್ಟು ಕೋವಿಶೀಲ್ಡ್ ಹಾಕಿಸಿಕೊಂಡವರೆಲ್ಲ ಬೆಂಗಳೂರಿನ ಶೇಕಡಾವಾರನ್ನು ಏರಿಸುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿಯ ಕೊರತೆ ರಾಜ್ಯದ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. 60 ದಾಟಿದವರಲ್ಲಿ ಎರಡೂ ಡೋಸ್ ಆದವರೆಷ್ಟು ಎಂಬುದನ್ನು ತಾಲ್ಲೂಕುವಾರು ಮೊದಲ ಸಾಲಿನಲ್ಲಿ ಹಾಕಿ. ಮೂರನೇ ಅಲೆಯಲ್ಲಿ ಎಷ್ಟು ಐಸಿಯು ಹಾಸಿಗೆ ತುಂಬುತ್ತವೆ ಎಂಬುದನ್ನು ನಿರ್ಧರಿಸುವುದು ಆ ಒಂದು ಅಂಕಿ.

ಎರಡನೇ ಡೋಸ್‌ನ ಬೇಡಿಕೆ ಮುಂಚೆಯೇ ಗೊತ್ತಿರುವಂಥದ್ದು. ಮೇ 13ರಂದು ಕೋವಿಶೀಲ್ಡ್ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿದ ಮೇಲೆ ಲಸಿಕೆ ನೋಂದಣಿಯ ಪೋರ್ಟಲ್ ಕೋವಿನ್ 84 ದಿನ ತುಂಬದೆ ಬಿಡುವುದಿಲ್ಲ. ಏಪ್ರಿಲ್ 1ರಂದು 45 ದಾಟಿದ ಎಲ್ಲರಿಗೂ ಬಾಗಿಲು ತೆರೆದಾಗ ಮೊದಲ ದಿನ ಹಾಕಿಸಿಕೊಂಡವರ 84ನೇ ದಿನ ಜೂನ್ 24. ಏಪ್ರಿಲ್‌ನ ಯಾವ ದಿನ ಯಾವ ಕೇಂದ್ರದಲ್ಲಿ ಎಷ್ಟು ಜನ ಹಾಕಿಸಿಕೊಂಡರು ಎಂಬುದು ಪೋರ್ಟಲ್‌ನಲ್ಲಿದೆ. ಈ ತಿಂಗಳ ಯಾವ ದಿನ ಎಷ್ಟು ಸೀಸೆ ಬೇಕು ಎಂಬುದೂ ಅದರಲ್ಲೇ ಇದೆ. ಮೇ 14ರಿಂದ 18–44ರವರ ಲಸಿಕೆ ನಿಲ್ಲಿಸಿ ಎರಡನೇ ಡೋಸ್‌ನವರಿಗೆ ಕೊಡಬೇಕಾಗಿ ಬಂದಂಥ ಪರಿಸ್ಥಿತಿ ಮತ್ತೆ ಬರದಿರಲು, ಪ್ರತಿ ಕೇಂದ್ರದ ಮುಂದಿನ ನಾಲ್ಕು ವಾರಗಳ ‘ಬಾಕಿ ಎರಡನೇ ಡೋಸ್’ ಪಟ್ಟಿ ಪ್ರಕಟಿಸಿ, ಅಷ್ಟು ದಾಸ್ತಾನು ಮೊದಲು ತೆಗೆದಿಡಿ. ಕೋವ್ಯಾಕ್ಸಿನ್‌ಗೆ ಇದು ಇನ್ನೂ ಮುಖ್ಯ, ಅದರ ಅಂತರ ನಾಲ್ಕರಿಂದ ಆರೇ ವಾರ.

ಸೀಸೆಯ ಮಟ್ಟಕ್ಕೆ ಇಳಿದರೆ, ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 5 ಮಿಲಿ, ತಲಾ ಅರ್ಧ ಮಿಲಿಯಂತೆ ಹತ್ತು ಡೋಸ್. ತೆರೆದ ಮೇಲೆ ನಾಲ್ಕು ಗಂಟೆ ಆಯುಸ್ಸು. ಕೈನುರಿತ ಸಿಸ್ಟರ್ ಕೆಲವು ಸೀಸೆಗಳಿಂದ ಹನ್ನೊಂದನೆಯದನ್ನೂ ತೆಗೆಯುತ್ತಾರೆ. ಸಂಜೆ ನಾಲ್ಕಕ್ಕೆ ಮೂರೇ ಜನ ಬಂದರೆ ತೆರೆಯಬೇಕೋ, ನಾಳೆ ಬನ್ನಿ ಎನ್ನಬೇಕೋ? ‘ವ್ಯರ್ಥ ಶೂನ್ಯವಾಗಿರಲಿ’ ಎಂಬ ಒತ್ತಡದಲ್ಲಿ ಮೂರು ಜನರನ್ನು ವಾಪಸ್ ಕಳಿಸುತ್ತಾರೆ. ಹದಿನೈದು ಕಿಲೊಮೀಟರ್ ದೂರದ ತಾಂಡಾದಿಂದ ದಿನಗೂಲಿ ಬಿಟ್ಟು ಬಂದವರು ಮತ್ತೆ ಬರುವುದಿಲ್ಲ. ಹಳ್ಳಿಯ ಕೇಂದ್ರಗಳಲ್ಲಿ ಮೂರು ಜನರಿಗೂ ಸೀಸೆ ತೆರೆಯಬಹುದು ಎಂದು ಲಿಖಿತ ಸುತ್ತೋಲೆ ಹೊರಡಿಸಿ, ಆ ನಷ್ಟಕ್ಕೆ ಸಿಬ್ಬಂದಿಯನ್ನು ಹೊಣೆ ಮಾಡಬೇಡಿ. ವ್ಯರ್ಥವಾದ ಡೋಸ್ ಜೊತೆಗೆ ‘ವಾಪಸ್ ಹೋದವರು’ ಎಂಬ ಕಾಲಂ ಕೂಡ ದಿನದ ವರದಿಯಲ್ಲಿರಲಿ.

ಶೀತಪೆಟ್ಟಿಗೆಯ ವಿಷಯದಲ್ಲಿ ತರಬೇತಿ ಮತ್ತೊಮ್ಮೆ ಬೇಕು. ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್ ಅನ್ನು ಹಾಗೆಯೇ ಕ್ಯಾರಿಯರ್‌ಗೆ ಹಾಕಿದರೆ ಲಸಿಕೆ ಹೆಪ್ಪುಗಟ್ಟಿ ಹಾಳಾಗುತ್ತದೆ. ಹೊರಗಿಟ್ಟು ಅದು ಬೆವರಬೇಕು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು, ಆಮೇಲೆ ನಾಲ್ಕು ಕಡೆ ನಾಲ್ಕು ಪ್ಯಾಕ್. ಬೆಳಗಿನ ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದೇ.

ಕೇಂದ್ರದ ಗೇಟಿನ ಮುಂದೆ ಬೆಳಗಿನ ಜಾವ ಐದಕ್ಕೆ ಟೋಕನ್‌ಗಾಗಿ ವೃದ್ಧರು ಚಪ್ಪಲಿ ಸಾಲಿಟ್ಟು ಕಾಯುವುದನ್ನು ನಿಲ್ಲಿಸಲು ಒಂದೇ ಕೆಲಸ ಸಾಕು. ಜಿಲ್ಲಾ ಉಗ್ರಾಣದಿಂದ ಯಾವ ಕೇಂದ್ರಕ್ಕೆ ಎಷ್ಟು ಡೋಸ್ ಹೊರಟಿತು ಎಂಬುದನ್ನು ಹಿಂದಿನ ದಿನ ಸಂಜೆ ಆರರೊಳಗೆ ಕನ್ನಡದಲ್ಲಿ ಪ್ರಕಟಿಸಿ, ಕೇಂದ್ರದ ಗೋಡೆಗೂ ಗ್ರಾಮ ಪಂಚಾಯಿತಿಯ ಫಲಕಕ್ಕೂ ಅಂಟಿಸಿ. ಯಾವ ಲಸಿಕೆ, ಎಷ್ಟು ಡೋಸ್, ಅದರಲ್ಲಿ ಎರಡನೇ ಡೋಸ್‌ಗೆ ಮೀಸಲು ಎಷ್ಟು, ನೇರವಾಗಿ ಬಂದವರಿಗೆ ಎಷ್ಟು. ನಾಲ್ಕು ಅಂಕಿ, ಒಂದು ಹಾಳೆ.

ಕಡೆಯದಾಗಿ, ಬುಲೆಟಿನ್ ಈಗ ಬರುವುದು ಪಿಡಿಎಫ್ ಆಗಿ. ಅದರಿಂದ ಅಂಕಿಗಳನ್ನು ಕೈಯಲ್ಲಿ ನಕಲು ಮಾಡಿಕೊಳ್ಳುವವರು ರಾಜ್ಯದಲ್ಲಿ ಎಷ್ಟೋ ಮಂದಿ ಇದ್ದಾರೆ, ಜಿಲ್ಲಾ ಕಚೇರಿಗಳಲ್ಲಿಯೂ ಇದ್ದಾರೆ. ಅದೇ ಕೋಷ್ಟಕವನ್ನು ಸ್ಪ್ರೆಡ್‌ಶೀಟ್ ಆಗಿಯೂ ಇಲಾಖೆಯ ಜಾಲತಾಣಕ್ಕೆ ಏರಿಸಿ, 2020ರ ಮಾರ್ಚ್‌ನಿಂದ ಈವರೆಗಿನ ಎಲ್ಲ ಬುಲೆಟಿನ್‌ಗಳನ್ನೂ ಒಂದೇ ಕಡೆ ಉಳಿಸಿಡಿ. ತಿದ್ದುಪಡಿ ಆದಾಗ ಹಳೆಯ ಅಂಕಿಯನ್ನು ಅಳಿಸದೆ, ಪಕ್ಕದಲ್ಲಿ ಹೊಸದನ್ನೂ ತಿದ್ದಿದ ದಿನಾಂಕವನ್ನೂ ಬರೆಯಿರಿ.

ಇಷ್ಟೆಲ್ಲ ಒಂದೇ ವಾರದಲ್ಲಿ ಆಗದು ಎಂಬುದು ನಮಗೆ ಗೊತ್ತು. ಎರಡು ಕೆಲಸ ಮಾತ್ರ ಈ ವಾರವೇ ಆಗಬಲ್ಲವು. ‘ಇಂದಿನ ಹೊಸ ಪ್ರಕರಣಗಳು’ ಎಂಬ ಸಾಲನ್ನು ‘ಇಂದು ವರದಿಯಾದ ಪ್ರಕರಣಗಳು’ ಎಂದು ತಿದ್ದಿ, ಅದರ ಕೆಳಗೆ ಸ್ವಾಬ್ ತೆಗೆದ ದಿನಾಂಕದ ಪ್ರಕಾರ ಅವುಗಳ ಹಂಚಿಕೆಯನ್ನು ಕೊಡುವುದು ಒಂದು. ಮರಣ ಅನುಬಂಧದಲ್ಲಿರುವ ತೀರಿಕೊಂಡ ದಿನದ ಕಾಲಂ ಪ್ರಕಾರ ಕಳೆದ ಏಪ್ರಿಲ್‌, ಮೇ, ಜೂನ್ ತಿಂಗಳ ಸಾವುಗಳನ್ನು ಮರುಜೋಡಿಸಿದ ಕೋಷ್ಟಕ ಇನ್ನೊಂದು. ಕೋಷ್ಟಕ ಸಿದ್ಧಪಡಿಸುವ ಕೆಲಸಕ್ಕೆ ಕೈಗಳು ಬೇಕಿದ್ದರೆ, ರಜಾದಿನಗಳಲ್ಲಿ ಬಂದು ಕೂತು ಮಾಡಿಕೊಡಲು ನಾವು ಸಿದ್ಧರಿದ್ದೇವೆ. ತಮ್ಮ ಉತ್ತರವನ್ನು ಬುಲೆಟಿನ್‌ನಲ್ಲೇ ನಿರೀಕ್ಷಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ರಾಜ್ಯದ ಪ್ರಯೋಗಾಲಯ, ಲಸಿಕಾ ಕೇಂದ್ರ ಮತ್ತು ಆರೋಗ್ಯ ಅಂಕಿಅಂಶಗಳ ಕೆಲಸದಲ್ಲಿರುವ ಕೆಲವರು